ವಿಂಡೋಸ್ ಪಕ್ಕದಲ್ಲಿ ಉಬುಂಟು: ಡಿಸ್ಕ್‌ನಲ್ಲಿ ಜಾಗ ಮಾಡುವ ಬಗೆ

512 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ ಸುಮಾರು 476 ಜಿಬಿ ಎಂದು ಕಾಣುತ್ತದೆ. ಅದೇ ಡಿಸ್ಕ್‌ನಲ್ಲಿ ಉಬುಂಟು ಎಂಬ ಲಿನಕ್ಸ್ ಓಎಸ್ ಕೂಡ ಹಾಕಬೇಕಿದ್ದರೆ 80 ಜಿಬಿ ಬಿಟ್ಟುಕೊಟ್ಟರೆ ಧಾರಾಳ. ಫೈಲುಗಳ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿ ಇಲ್ಲದೆ ಮುಂದಕ್ಕೆ ಹೋಗಲೇಬೇಡಿ.

ಮೊದಲು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಷನ್) ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುವುದುಂಟು. ಬೂಟ್ ಆಗುವ ದಾರಿ ಬದಲಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಬರೆಯಲು ಆಗುವುದಿಲ್ಲ.

ಸಿ ಡ್ರೈವ್ ಕುಗ್ಗಿಸುವುದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಆಗಲಿ. ಶ್ರಿಂಕ್ ವಾಲ್ಯೂಮ್ ಒತ್ತಿ 81920 ಎಂಬಿ ಕೊಡಿ. ಖಾಲಿ ಜಾಗ ಬೇಕಾದಷ್ಟಿದ್ದರೂ ಕೆಲವೊಮ್ಮೆ ಅಷ್ಟು ಬಿಡುವುದಿಲ್ಲ. ಪೇಜ್‌ಫೈಲ್, ಹೈಬರ್ನೇಷನ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳು ನಡುವೆ ಕದಲದೆ ಕೂತಿರುವುದೇ ಕಾರಣ. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಕುಗ್ಗಿಸಿ. ಸಿಕ್ಕ ಜಾಗವನ್ನು ಅನ್‌ಅಲೊಕೇಟೆಡ್ (ಯಾವ ಡ್ರೈವ್‌ಗೂ ಸೇರದ ಜಾಗ) ಆಗಿಯೇ ಬಿಡಿ, ಅಲ್ಲಿ ಇ ಡ್ರೈವ್ ಮಾಡಬೇಡಿ.

ಉಬುಂಟು ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಡಿಸ್ಕ್ ನಿಯಂತ್ರಣ ಇಂಟೆಲ್ ಆರ್‌ಎಸ್‌ಟಿ ಮೋಡ್‌ನಲ್ಲಿ ಇರಬಹುದು. ಬಯೋಸ್‌ನಲ್ಲಿ ಏಕಾಏಕಿ ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್‌ಗೆ ಬದಲಿಸಿದರೆ ವಿಂಡೋಸ್ ನೀಲಿ ಪರದೆಗೆ ಬೀಳುತ್ತದೆ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬದಲಿಸಿ, ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಟಿಕ್ ತೆಗೆಯಿರಿ.

ಇನ್‌ಸ್ಟಾಲರ್‌ನಲ್ಲಿ ಮ್ಯಾನುಯಲ್ ಆಯ್ಕೆ ಒಳ್ಳೆಯದು. 40 ಜಿಬಿ ರೂಟ್ (ಓಎಸ್ ಇರುವ ಭಾಗ), ಉಳಿದದ್ದು ಹೋಮ್ (ನಿಮ್ಮ ಫೈಲುಗಳ ಭಾಗ), ಎರಡೂ ಲಿನಕ್ಸ್‌ನ ಎಕ್ಸ್ಟ್4 ಫಾರ್ಮ್ಯಾಟ್. ಹೋಮ್ ಬೇರೆ ಇದ್ದರೆ ಮುಂದೆ ರೂಟ್ ಅಳಿಸಿ ಮತ್ತೆ ಹಾಕಿದರೂ ನಿಮ್ಮ ಫೈಲುಗಳು ಉಳಿಯುತ್ತವೆ. ರ್‍ಯಾಮ್ ಸಾಲದಾಗ ಬಳಸುವ ಸ್ವಾಪ್‌ಗೆ ಬೇರೆ ಪಾರ್ಟಿಷನ್ (ಡಿಸ್ಕ್‌ನ ಭಾಗ) ಬೇಡ, ಉಬುಂಟು ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಎಫ್‌ಐ ಪಾರ್ಟಿಷನ್‌ನಲ್ಲಿ. ಸಾಮಾನ್ಯವಾಗಿ 100 ಎಂಬಿ ಇರುವ ಈ ಫ್ಯಾಟ್32 ತುಣುಕಿನಲ್ಲೇ ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಇದೆ. ಫಾರ್ಮ್ಯಾಟ್ ಮಾಡಿದರೆ ಸಿ ಡ್ರೈವ್ ಪೂರ್ತಿ ಉಳಿದಿದ್ದರೂ ವಿಂಡೋಸ್ ಏಳುವುದಿಲ್ಲ. ಅದನ್ನು ಬೂಟ್/ಇಎಫ್‌ಐಗೆ ಮೌಂಟ್ ಮಾಡಿದರೆ ಸಾಕು. ಎರಡೂ ಬೂಟ್‌ಲೋಡರ್‌ಗಳು ಬೇರೆ ಬೇರೆ ಫೋಲ್ಡರ್‌ನಲ್ಲಿ ಇರುತ್ತವೆ.

ಬೂಟ್ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. ಉಬುಂಟುವಿನ ಬೂಟ್‌ಲೋಡರ್ ಆದ ಗ್ರಬ್‌ನಲ್ಲಿ 2.06ನೇ ಆವೃತ್ತಿಯಿಂದ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ಮೂಲತಃ ಆಫ್. ಗ್ರಬ್ ಸೆಟಿಂಗ್ಸ್ ಫೈಲಿನಲ್ಲಿ ಅದರ ಡಿಸೇಬಲ್ ಸಾಲನ್ನು ಫಾಲ್ಸ್ ಮಾಡಿ, ಅಪ್‌ಡೇಟ್-ಗ್ರಬ್ ಓಡಿಸಿ.

ಇನ್ನು ಗಡಿಯಾರ. ಉಬುಂಟುವಿನಿಂದ ವಿಂಡೋಸ್‌ಗೆ ಬಂದರೆ ನಮ್ಮಲ್ಲಿ ಸಮಯ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟರೆ ಎರಡೂ ಒಂದೇ ಸಮಯಕ್ಕೆ ಬರುತ್ತವೆ.