ಲ್ಯಾಕ್ಸ್ಟನ್‌ಗೆ ಹೋದರೆ ಮನೆ ನೋಡಬೇಡಿ, ಹೊಲ ನೋಡಿ

ಲ್ಯಾಕ್ಸ್ಟನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ಒಂದು ಹಳ್ಳಿ. ಬಸ್ಸಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹತ್ತಿರದ ಪೇಟೆ ನ್ಯೂವಾರ್ಕ್‌ನಲ್ಲಿ ಒಂದೂವರೆ ಗಂಟೆ ತುಂತುರು ಮಳೆಯಲ್ಲಿ ನಿಂತೆವು. ಫೋನಿನಲ್ಲಿ ತೋರಿಸಿದ ಬಸ್ಸು ಬರಲೇ ಇಲ್ಲ. ಕೊನೆಗೆ ಟ್ಯಾಕ್ಸಿ. ಹೋಗುವಾಗ ಒಂದು ರೇಟು, ವಾಪಸ್ ಬರುವಾಗ ಅದಕ್ಕಿಂತ ಜಾಸ್ತಿ! ಕಾರಿರುವ ಸ್ನೇಹಿತರಿದ್ದರೆ ಅವರನ್ನೇ ಒಪ್ಪಿಸಿ.

ಊರಲ್ಲಿ ಇಳಿದ ಕೂಡಲೇ ನನ್ನ ಹೆಂಡತಿ, "ಇದಕ್ಕಾ ಇಷ್ಟು ದೂರ ಬಂದಿದ್ದು?" ಎಂದಳು. ತಪ್ಪೇನಿಲ್ಲ. ಕ್ಯಾಲೆಂಡರಿನಲ್ಲಿ ಕಾಣುವ ಹುಲ್ಲು ಮಾಡಿನ ಮನೆಗಳು ಇಲ್ಲಿಲ್ಲ. ಇರುವುದು ಕೆಂಪು ಇಟ್ಟಿಗೆಯ ರೈತರ ಮನೆಗಳು. ಹಳೆಯದು ನೋಡಬೇಕೆಂದರೆ ಊರಾಚೆ ನಡೆಯಬೇಕು.

ಅಲ್ಲಿ ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಅಂತ ಮೂರು ಬಯಲುಗಳಿವೆ. ಒಳಗೆ ಬೇಲಿ ಇಲ್ಲ. ರೈತರ ಜಮೀನು ಪಟ್ಟಿ ಪಟ್ಟಿಯಾಗಿ ಮೂರರಲ್ಲೂ ಚದುರಿದೆ. ಒಂದರಲ್ಲಿ ಗೋಧಿ, ಇನ್ನೊಂದರಲ್ಲಿ ವಸಂತದ ಬಿತ್ತನೆ, ಮತ್ತೊಂದು ಬೀಳು. ಮರುವರ್ಷ ಸರದಿ ಬದಲು. ಇಂಗ್ಲೆಂಡಿನ ಹೆಚ್ಚಿನ ಊರುಗಳಲ್ಲಿ ಬೇಲಿ ಬಂದು ಈ ಪದ್ಧತಿ ಯಾವತ್ತೋ ಹೋಯಿತು. ಇಲ್ಲಿ ಉಳಿದಿದೆ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಭೂಮಾಪಕ ಬರೆದ ಈ ಊರಿನ ನಕ್ಷೆಯಲ್ಲಿ ಪಟ್ಟಿಗಳು ಇನ್ನೂ ಸಣ್ಣವು, ಇನ್ನೂ ಜಾಸ್ತಿ.

ನನಗೆ ಹಿಡಿಸಿದ್ದು ಇವರ ಪಂಚಾಯ್ತಿ. ಹೆಸರು ಕೋರ್ಟ್ ಲೀಟ್. ಚಳಿಗಾಲದ ಶುರುವಿನಲ್ಲಿ ಊರಿನ ಜ್ಯೂರಿ, ಅಂದರೆ ತಪಾಸಣೆ ಮಾಡುವ ಊರವರ ತಂಡ, ಹೊಲಕ್ಕೆ ಇಳಿದು ಗಡಿಗೆ ಗೂಟ ಹೊಡೆಯುತ್ತದೆ. ಯಾರಾದರೂ ಎಲ್ಲರ ದಾರಿಯನ್ನೂ ಸೇರಿಸಿ ಉತ್ತಿದ್ದರೆ ದಂಡ. ಕೂಡುವುದು ಊರಿನ ಪಬ್ಬಿನಲ್ಲಿ, ಡವ್‌ಕೋಟ್ ಇನ್ನಿನಲ್ಲಿ. ನಮ್ಮೂರಲ್ಲಿ ಎರಡು ಗೇಣು ಬದುವಿಗೆ ಅಪ್ಪ ಹದಿನಾರು ವರ್ಷ ಕೋರ್ಟಿಗೆ ಅಲೆದಿದ್ದರು. ಆ ಗೂಟ ನೋಡಿ ಸುಮ್ನೆ ನಿಂತುಬಿಟ್ಟೆ.

ಕೋಟೆ ಅಂತ ಬೋರ್ಡು ನೋಡಿ ಆಸೆ ಪಡಬೇಡಿ. ಗೋಡೆ ಇಲ್ಲ, ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದ ಮಣ್ಣಿನ ದಿಬ್ಬ. ಆದರೂ ಹತ್ತಿ, ಗಾಳಿ ಚೆನ್ನಾಗಿದೆ. ಮಳೆಯಾಗಿದ್ದರೆ ಗಟ್ಟಿ ಬೂಟು ಬೇಕೇ ಬೇಕು. ಜೇಡಿಮಣ್ಣು ಹೆಜ್ಜೆಗೆ ಅರ್ಧ ಕೇಜಿ ಅಂಟುತ್ತದೆ.

ಊಟ ಮಾತ್ರ ನ್ಯೂವಾರ್ಕ್‌ಗೆ ಬಂದು ಮಾಡಿ. ಮಾರ್ಕೆಟ್ ಚೌಕದ ಹಿಂದಿನ ಸಂದಿಯಲ್ಲಿ ಆರೇ ಟೇಬಲ್ಲಿನ ಹೋಟೆಲ್ಲು. ಸಿಪ್ಪೆ ಸಮೇತ ಸುಟ್ಟ ಅಂಗೈಯಗಲದ ಆಲೂಗಡ್ಡೆ, ಮೇಲೆ ಚೀಸು, ಬೀನ್ಸು. ಒಂದು ಪ್ಲೇಟು ಇಬ್ಬರಿಗೆ ಸಾಕು, ಸಸ್ಯಾಹಾರಿಗಳಿಗೆ ಚಿಂತೆಯೇ ಇಲ್ಲ. ಜೊತೆಗೆ ಲೋಟದ ತುಂಬ ಖಡಕ್ ಚಹಾ. ಇಬ್ಬರದೂ ಸೇರಿ ಹತ್ತು ಪೌಂಡ್ ದಾಟಲಿಲ್ಲ. ನಮ್ಮ ಕೆಸರು ಬೂಟು ನೋಡಿ ಹೋಟೆಲಿನಾಕೆ ಬೈಯಲಿಲ್ಲ. ಹಳೇ ಪೇಪರು ತಂದು ಕಾಲಡಿ ಹಾಸಿದರು.