ಬ್ಯಾಕಪ್ ಇದೆ ತಾನೇ ಅಪ್ಪ?

ಕಳೆದ ಭಾನುವಾರ ರಾತ್ರಿಯಿಂದ ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ.

"ಬ್ಯಾಕಪ್ ಇದೆ ತಾನೇ ಅಪ್ಪ?"

"ಇದೆ."

ತಲೆ ಕೂಡ ಎತ್ತದೆ ಹೇಳಿದ್ದೆ. ಮಗಳು ನೆಮ್ಮದಿಯಾಗಿ ಮಲಗಲು ಹೋದಳು. ಶುಕ್ರವಾರ ಕೊಡಬೇಕಿದ್ದ ಅವಳ ಪ್ರಾಜೆಕ್ಟ್ ರಿಪೋರ್ಟ್, ಅದಕ್ಕಾಗಿ ನಾಲ್ಕು ತಿಂಗಳು ಕೂಡಿಹಾಕಿದ್ದ ಟಿಪ್ಪಣಿ, ಮನೆಯವರ 11 ವರ್ಷದ ಫೋಟೋ, ಎಲ್ಲ ಇದ್ದದ್ದು ಆ ಕಂಪ್ಯೂಟರಿನಲ್ಲೇ. ಅಪ್‌ಡೇಟ್ ಅರ್ಧಕ್ಕೆ ನಿಂತಿತ್ತು. ಆಮೇಲೆ ವಿಂಡೋಸ್ ಮೇಲೇಳಲೇ ಇಲ್ಲ. ರಿಪೇರಿ ನಡೆಯುತ್ತಿದೆ ಅನ್ನುತ್ತದೆ, ರೀಸ್ಟಾರ್ಟ್ ಆಗುತ್ತದೆ, ಮತ್ತೆ ಅದೇ.

ನನಗೆ ಗಾಬರಿ ಇರಲಿಲ್ಲ. ವಿಂಡೋಸನ್ನು ಹಿಂದಿನ ಸ್ಥಿತಿಗೆ ಒಯ್ಯುವ ಸಿಸ್ಟಮ್ ರೀಸ್ಟೋರ್ ಇದೆಯಲ್ಲ. ರಿಕವರಿ ಪರದೆಯಲ್ಲಿ ಮೂರು ರೀಸ್ಟೋರ್ ಪಾಯಿಂಟ್ ಕಂಡವು. ಮೊದಲನೆಯದು ಮುಕ್ಕಾಲು ಗಂಟೆ ಓಡಿ ಕೈಕೊಟ್ಟಿತು. ಎರಡನೆಯದೂ ಅಷ್ಟೇ. ಮೂರನೆಯದೂ ಅಷ್ಟೇ. ಸರಿ, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಸಿಸ್ಟಮ್ ಇಮೇಜ್, ಅಂದರೆ ಇಡೀ ಕಂಪ್ಯೂಟರಿನ ಪಡಿಯಚ್ಚು ಇದೆ, ಪ್ರತಿ ಭಾನುವಾರ ತಾನಾಗಿಯೇ ಆಗುತ್ತದೆ, ಅದನ್ನೇ ಹಾಕೋಣ ಅಂದುಕೊಂಡೆ. ಪಟ್ಟಿಯಲ್ಲಿ ಇದ್ದದ್ದು ಒಂದೇ ಇಮೇಜ್. ಅದರ ತಾರೀಕು 14 ತಿಂಗಳ ಹಿಂದಿನದು.

ಆ ತಾರೀಕನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ನನ್ನ ಮಾತು ನಂಬಿ ಮಲಗಿದ್ದಳು.

ಬೆಳಿಗ್ಗೆ ಹೇಳಲೇಬೇಕಾಯಿತು. ಅವಳು ಕೂಗಾಡಲಿಲ್ಲ. "ಆದ್ರೆ ನೀನು ಇದೆ ಅಂದಿದ್ಯಲ್ಲಪ್ಪ" ಅಂದಳು. ಅಷ್ಟೇ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

ರಿಪೇರಿ ಮಾಡುವ ಹುಡುಗನಿಗೆ ಫೋನ್ ಮಾಡಿದೆ. "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಅರ್ಧ ದಿನದಲ್ಲಿ ಹೊಸದಾಗುತ್ತೆ" ಅಂದ. ಕೆಟ್ಟ ಹುಡುಗ ಅಲ್ಲ. ಆದರೆ ಯಂತ್ರ ಸರಿಮಾಡುವುದೇ ಬೇರೆ, ಒಳಗಿರುವುದನ್ನು ಉಳಿಸುವುದೇ ಬೇರೆ. ಏನು ಉಳಿಸಬೇಕು ಅಂತ ಕೇಳುವ ಮೊದಲೇ ಫಾರ್ಮ್ಯಾಟ್ ಅನ್ನುವವರ ಕೈಗೆ ಡಿಸ್ಕ್ ಕೊಡಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಭಾವ ಫೋನ್ ಮಾಡಿ, ಎಲ್ಲ ಕ್ಲೌಡ್‌ಗೆ ಹಾಕಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಅಂದರು. ಕಳೆದುಕೊಂಡವನ ಮುಂದೆ ಮೊದಲು ಆಡುವ ಮಾತೇ ಅದು? ಅದೂ ಅಲ್ಲದೆ, ಕ್ಲೌಡ್ ಜೊತೆ ಸಿಂಕ್ ಆಗುವ ಫೋಲ್ಡರನ್ನು ಬ್ಯಾಕಪ್ ಅನ್ನಲಾಗದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅಲ್ಲಿನ ಕಸದ ಬುಟ್ಟಿಯಲ್ಲಿ ಒಂದಷ್ಟು ದಿನ ಇರಬಹುದು, ಅಷ್ಟೇ.

ನಿಜಕ್ಕೂ ನೆರವಾದವನು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ಹಳೆಯ ಗೆಳೆಯ. "ಮೊದಲು ಆ ಡಿಸ್ಕ್ ಮೇಲೆ ಏನೂ ಬರೀಬೇಡ ಕಣೋ" ಅಂದ. ಹಳೆಯ ಇಮೇಜ್ ಹಾಕಿದ್ದರೆ ಡಿಸ್ಕ್ ಪೂರ್ತಿ ಅಳಿಸಿ 14 ತಿಂಗಳ ಹಿಂದಕ್ಕೆ ಹೋಗುತ್ತಿತ್ತಂತೆ. ರಾತ್ರಿ ಒಂದು ಗಂಟೆಗೆ ಆ ಬಟನ್ ಮೇಲೆ ಮೌಸ್ ಇಟ್ಟುಕೊಂಡು ಕೂತಿದ್ದೆ. ಈಗ ನೆನೆಸಿಕೊಂಡರೂ ಕೈ ತಣ್ಣಗಾಗುತ್ತದೆ.

ಸಿಸ್ಟಮ್ ರೀಸ್ಟೋರ್ ಬಗ್ಗೆಯೂ ನಾನು ತಪ್ಪು ತಿಳಿದಿದ್ದೆ. ಅದು ವಾಪಸ್ ತರುವುದು ಸಿಸ್ಟಮ್ ಫೈಲು, ರಿಜಿಸ್ಟ್ರಿ, ಡ್ರೈವರ್, ಪ್ರೋಗ್ರಾಮ್‌ಗಳನ್ನು. ಫೋಟೋ, ರಿಪೋರ್ಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಮೇಲಾಗಿ ಆ ಪಾಯಿಂಟ್‌ಗಳು ಇರುವುದೂ ಅದೇ ಡಿಸ್ಕ್‌ನಲ್ಲಿ. ನಮ್ಮ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳು, ಅಂದರೆ ಓದಲಾಗದಂತೆ ಹಾಳಾದ ಜಾಗಗಳು, ಹೆಚ್ಚಿದ್ದವು. ಅಪ್‌ಡೇಟ್ ಅರ್ಧಕ್ಕೆ ನಿಂತದ್ದೂ ಅದಕ್ಕೇ ಇರಬೇಕು.

ಗೆಳೆಯ ಹೇಳಿದಂತೆ ಪೆನ್ ಡ್ರೈವ್‌ನಲ್ಲಿ, ವಿಂಡೋಸ್ ಬದಲು ಓಡುವ ಲಿನಕ್ಸ್ ಹಾಕಿ, ಅದರಿಂದ ಕಂಪ್ಯೂಟರ್ ಎಬ್ಬಿಸಿದೆ. ಡಿಸ್ಕ್‌ಗೆ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನ ಬೀಗ ಇರಲಿಲ್ಲ. ಇದ್ದಿದ್ದರೆ 48 ಅಂಕಿಯ ರಿಕವರಿ ಕೀ ಹುಡುಕಬೇಕಿತ್ತು. ಮೊದಲು ಅವಳ ಫೋಲ್ಡರ್, ಆಮೇಲೆ ಫೋಟೋ. ಬೇರೆ ಡಿಸ್ಕ್‌ಗೆ ಕಾಪಿ ಆಗಲು ಎರಡು ದಿನ ಹಿಡಿಯಿತು. ರಿಪೋರ್ಟ್ ಸಿಕ್ಕಿತು, ಟಿಪ್ಪಣಿಯೂ ಸಿಕ್ಕಿತು. 212 ಫೋಟೋ ಓದಲು ಬರಲೇ ಇಲ್ಲ. ಹೆಂಡತಿ ಆ ಹೆಸರುಗಳ ಪಟ್ಟಿಯನ್ನು ಸುಮ್ನೆ ನೋಡುತ್ತಾ ಕೂತಳು. ತಾರೀಕು ನೋಡಿಯೇ ಅವು ಯಾವ ದಿನದವು ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಬ್ಯಾಕಪ್ ಯಾಕೆ ನಿಂತಿತ್ತು? ನಡೆದದ್ದನ್ನು ವಿಂಡೋಸ್ ಬರೆದಿಡುವ ಈವೆಂಟ್ ಲಾಗ್ ಫೈಲನ್ನು ಹಳೆಯ ಡಿಸ್ಕ್‌ನಿಂದ ತೆಗೆದು ಹೆಂಡತಿಯ ಲ್ಯಾಪ್‌ಟಾಪಿನಲ್ಲಿ ತೆರೆದೆ. ಸುಮಾರು 60 ಭಾನುವಾರ, ಪ್ರತಿ ಸಲವೂ ಒಂದೇ ದೂರು. ಕೊನೆಯಲ್ಲಿ 80780119 ಅನ್ನುವ ನಂಬರು, ಜಾಗ ಸಾಲದು ಅನ್ನುವ ಮಾತು. ಹೊರಗಿನ ಡಿಸ್ಕ್ ಅರ್ಧ ಖಾಲಿ ಇತ್ತು! ಸಾಲದೇ ಇದ್ದದ್ದು ಅಲ್ಲಿ ಅಲ್ಲ. ಇಮೇಜ್ ತೆಗೆಯುವ ಮೊದಲು ವಿಂಡೋಸ್ ಡಿಸ್ಕ್‌ನ ಪ್ರತಿ ಪಾರ್ಟಿಷನ್‌ನ, ಅಂದರೆ ಪ್ರತಿ ಭಾಗದ, ಶ್ಯಾಡೋ ಕಾಪಿ ಅನ್ನುವ ತಾತ್ಕಾಲಿಕ ನಕಲು ಮಾಡಿಕೊಳ್ಳುತ್ತದೆ. 500 ಎಂಬಿಗಿಂತ ಚಿಕ್ಕ ಪಾರ್ಟಿಷನ್‌ನಲ್ಲಿ ಅದಕ್ಕೆ ಕನಿಷ್ಠ 50 ಎಂಬಿ ಖಾಲಿ ಬೇಕು. ಕಣ್ಣಿಗೇ ಬೀಳದ ರಿಕವರಿ ಪಾರ್ಟಿಷನ್ ಒಂದು ತುಂಬಿಹೋಗಿತ್ತು. ಅದೊಂದರಿಂದ ಇಡೀ ಬ್ಯಾಕಪ್ ನಿಂತುಹೋಗಿತ್ತು. ಮೂಲೆಯಲ್ಲಿ ಸೂಚನೆ ಬಂದಾಗ ನಾನೇ ಮುಚ್ಚಿದ್ದೆ. ಡಿಸ್ಕ್‌ನಲ್ಲಿ ಜಾಗ ಇದೆಯಲ್ಲ ಅಂತ.

ಗೆಳೆಯ ಗಿಟ್‌ಲ್ಯಾಬ್ ಕಥೆ ಹೇಳಿದ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಅದು. 2017ರ ಜನವರಿ 31ರಂದು ಅವರ ಡೇಟಾಬೇಸ್ ಕೈತಪ್ಪಿ ಅಳಿಸಿಹೋಯಿತು. ಬ್ಯಾಕಪ್‌ಗೆಂದು ಇದ್ದ ಐದು ಬಗೆಯ ಏರ್ಪಾಡಿನಲ್ಲಿ ಒಂದೂ ನೆಟ್ಟಗಿರಲಿಲ್ಲ. ಬ್ಯಾಕಪ್ ಸೋಲುತ್ತಿದೆ ಅನ್ನುವ ಮೇಲ್‌ಗಳು ತಿರಸ್ಕಾರವಾಗಿ ಯಾರಿಗೂ ತಲುಪಿರಲಿಲ್ಲ. ಎಂಜಿನಿಯರ್ ಒಬ್ಬರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿಟ್ಟಿದ್ದ ಕಾಪಿಯೇ ಅವರನ್ನು ಉಳಿಸಿತು. ಇದನ್ನು ನನ್ನ ಸಮಾಧಾನಕ್ಕೆ ಹೇಳಿದ. ನನಗೆ ಸಮಾಧಾನ ಆಗಲಿಲ್ಲ. ಅವರಿಗೆ ಮೇಲ್ ತಲುಪಿರಲಿಲ್ಲ, ನನಗೆ ಸೂಚನೆ ತಲುಪಿತ್ತು.

ಈ ವಾರವೆಲ್ಲ ಆ "ಇದೆ" ಅನ್ನುವ ಮಾತನ್ನೇ ಯೋಚಿಸುತ್ತಿದ್ದೇನೆ. ಅಮ್ಮನ ಇನ್ಶೂರೆನ್ಸ್ ಇದೆಯಾ ಅಂದರೆ ಇದೆ ಅನ್ನುತ್ತೇನೆ. ಮನೆಪತ್ರ ಇದೆಯಾ? ಇದೆ. ಯಾವಾಗ ನೋಡಿದೆ ಅಂತ ಯಾರೂ ಕೇಳುವುದಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ. ಮಂಗಳವಾರ ಬೀರು ತೆಗೆದು ಎರಡನ್ನೂ ಕೂತು ಓದಿದೆ. ಇನ್ಶೂರೆನ್ಸ್‌ನಲ್ಲಿ ನಾಮಿನಿ ಇನ್ನೂ ಅಪ್ಪನ ಹೆಸರೇ. ಅಪ್ಪ ಹೋಗಿ ಆರು ವರ್ಷವಾಯಿತು.

ಗುರುವಾರ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಎರಡು ಬೇರೆ ಬೇರೆ ಡಿಸ್ಕ್‌ಗೆ ಬ್ಯಾಕಪ್ ತೆಗೆದೆ. ಒಂದನ್ನು ತಂಗಿಯ ಮನೆಯಲ್ಲಿ ಇಡುತ್ತೇನೆ. ರಾತ್ರಿ ಮಗಳು ಬಂದು ಪಕ್ಕದಲ್ಲಿ ಕೂತಳು. ಈ ಸಲ ಇದೆ ತಾನೇ ಅಂತ ಕೇಳಲಿಲ್ಲ. "ಪೆನ್ ಡ್ರೈವ್‌ನಲ್ಲಿ ಒಂದು ಕಾಪಿ ಇಟ್ಕೊಂಡಿದೀನಿ. ಇಲ್ಲಿರೋ ರಿಪೋರ್ಟ್ ಅಳಿಸ್ತೀನಿ, ನೀನು ವಾಪಸ್ ತಾ" ಅಂದಳು. ಅಳಿಸಿದಳು. ನಾನು ಬ್ಯಾಕಪ್‌ನಿಂದ ವಾಪಸ್ ತಂದುಕೊಟ್ಟೆ, ನಾಲ್ಕು ನಿಮಿಷ ಹಿಡಿಯಿತು. ಅವಳು ಫೈಲ್ ತೆರೆದು, 37ನೇ ಪುಟದ ಕೋಷ್ಟಕವನ್ನು ಪೆನ್ ಡ್ರೈವ್‌ನ ಕಾಪಿಯ ಜೊತೆ ಸಾಲುಸಾಲಾಗಿ ಹೋಲಿಸಿದಳು.

"ಸರಿ. ಈಗ ಇನ್ನೊಂದು ಡಿಸ್ಕ್‌ನಿಂದ ತಾ" ಅಂದಳು.