ಹನಿಗಾಡಿ ಕಟ್ಟಿಕೊಂಡು ಕ್ರೇಟರ್ ಲೇಕ್‌ಗೆ

ಮೌಂಟ್ ಹುಡ್ ಬೆಟ್ಟದ ರಸ್ತೆ ಹತ್ತುವಾಗಲೇ ಮಳೆ ಹಿಡಿದುಕೊಂಡಿತು. ಸೆಪ್ಟೆಂಬರ್ ನಡುವಿನ ಒಂದು ಶುಕ್ರವಾರ. ಅಮೆರಿಕದ ಆರೆಗನ್‌ನ ಹಿಲ್ಸ್‌ಬರೋದಿಂದ ಬೆಳಿಗ್ಗೆ ಹೊರಟು, ಪೋರ್ಟ್‌ಲ್ಯಾಂಡ್ ದಾಟಿ, 26ನೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗುತ್ತಿದ್ದೆವು. ಹೆಂಡತಿ ಕಾರು ಓಡಿಸುತ್ತಿದ್ದಳು. ನಾನು ಪಕ್ಕದ ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಟ್ರೈಲರನ್ನೇ ನೋಡುತ್ತಾ ಕೂತಿದ್ದೆ. ಎಂಟು ತಿಂಗಳು, ಶನಿವಾರ ಭಾನುವಾರ ಅನ್ನದೆ, ಗ್ಯಾರೇಜಿನಲ್ಲಿ ಇಬ್ಬರೂ ಸೇರಿ ಕಟ್ಟಿದ್ದು ಅದು. ಇದು ಅದರ ಮೊದಲ ದೂರದ ಪ್ರಯಾಣ.

ಟಿಯರ್‌ಡ್ರಾಪ್ ಅಂತ ಇದರ ಹೆಸರು. ನಮ್ಮ ಮನೆಯಲ್ಲಿ ಹನಿಗಾಡಿ ಅಂತೀವಿ. ಪಕ್ಕದಿಂದ ನೋಡಿದರೆ ಮಲಗಿಸಿಟ್ಟ ನೀರಿನ ಹನಿ. ಮುಂದೆ ದುಂಡು, ಹಿಂದಕ್ಕೆ ಇಳಿಜಾರು. ಒಳಗೆ ಇಬ್ಬರಿಗೆ ಹಾಸಿಗೆ, ಅಷ್ಟೇ. ಎದ್ದು ನಿಲ್ಲಲು ಆಗುವುದಿಲ್ಲ. ಅಡುಗೆಮನೆ ಇರುವುದು ಹಿಂಭಾಗದಲ್ಲಿ. ಹಿಂದಿನ ದೊಡ್ಡ ಮುಚ್ಚಳ ಎತ್ತಿದರೆ ಒಲೆ, ಡಬ್ಬಿಗಳು, ಪಾತ್ರೆ. ಎತ್ತಿದ ಮುಚ್ಚಳವೇ ತಲೆ ಮೇಲಿನ ಸೂರು. ಅಮೆರಿಕದಲ್ಲಿ 1930ರ ದಶಕದಿಂದಲೂ ಜನ ಇವನ್ನು ಮನೆಯಲ್ಲೇ ಕಟ್ಟಿಕೊಂಡು ಬಂದಿದ್ದಾರೆ. 4 ಅಡಿ ಅಗಲ, 8 ಅಡಿ ಉದ್ದ ಅನ್ನುವುದು ಹಳೆಯ ಅಳತೆ, ಪ್ಲೈವುಡ್ ಹಾಳೆ ಬರುವುದೇ ಆ ಅಳತೆಯಲ್ಲಿ. ನಾವು ಅಗಲ 5 ಅಡಿ ಮಾಡಿದೆವು. ರಾತ್ರಿ ಮಗ್ಗುಲು ಬದಲಿಸಲು ಆ ಒಂದಡಿ ಬೇಕೇ ಬೇಕು.

ಗವರ್ನ್‌ಮೆಂಟ್ ಕ್ಯಾಂಪ್ ಅನ್ನುವ ಊರಿನಲ್ಲಿ ಕಾಫಿಗೆ ನಿಲ್ಲಿಸಿದೆವು. ಮುಚ್ಚಳ ಎತ್ತಿದಾಗ ಕೀಲು ಕಿರ್ ಎಂದಿತು. ಒಳಗೆ ಬಗ್ಗಿ ನೋಡಿದರೆ ಅವಲಕ್ಕಿ ಪೊಟ್ಟಣದ ಮೇಲೆ ನೀರು. ಕೀಲಿನ ಕೆಳಗಿನ ಅಡ್ಡಪಟ್ಟಿಯಲ್ಲಿ ಸಾಲಾಗಿ ನೀರಿನ ಹನಿಗಳು. ಒಂದೊಂದೂ ನಿಧಾನವಾಗಿ ದಪ್ಪವಾಗಿ, ಪಟ್ಟಿಯ ನಡುವಿಗೆ ಜಾರಿ, ಅಲ್ಲಿಂದ ಬೀಳುತ್ತಿತ್ತು. ನೋಡಿ ಹೊಟ್ಟೆಗೆ ಕಲ್ಲು ಬಿದ್ದ ಹಾಗಾಯಿತು. ಇಡೀ ಗಾಡಿಯಲ್ಲಿ ನಾವು ಹೆಚ್ಚು ಯೋಚನೆ ಮಾಡಿದ್ದು, ಹೆಚ್ಚು ಸಲ ಬಿಚ್ಚಿ ಕಟ್ಟಿದ್ದು ಆ ಕೀಲನ್ನೇ.

ಟಿಯರ್‌ಡ್ರಾಪ್ ಕಟ್ಟುವವರಲ್ಲಿ ಜಾಸ್ತಿ ಜನ ಈ ಜಾಗಕ್ಕೆ ಹರಿಕೇನ್ ಹಿಂಜ್ ಅನ್ನುವ ಕೀಲು ಹಾಕುತ್ತಾರೆ. ನಾವು ಹಾಕಿದ್ದೂ ಅದನ್ನೇ. ಗಾಡಿಯ ಅಗಲಕ್ಕೂ ಬರುವ ಎರಡು ಅಲ್ಯೂಮಿನಿಯಂ ಪಟ್ಟಿಗಳು. ಒಂದು ಚಾವಣಿಗೆ, ಒಂದು ಮುಚ್ಚಳಕ್ಕೆ. ಒಂದರ ಅಂಚು ಇನ್ನೊಂದರ ಅಂಚಿನೊಳಗೆ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಕಡ್ಡಿ ಇಲ್ಲ, ಬಾಗಿಲಿನ ಕೀಲಿನ ಹಾಗೆ ಸಂದುಗಳೂ ಇಲ್ಲ. ಹಾಗಾಗಿ ಮೇಲಿನಿಂದ ಬಂದ ನೀರು ಒಳಗೆ ಇಳಿಯದೆ ಮುಚ್ಚಳದ ಮೇಲೆ ಹರಿದು ಹೋಗುತ್ತದೆ. ಬಹಳ ಒಳ್ಳೆಯ ಉಪಾಯ. ಆದರೆ ಅದು ಒಂದನ್ನು ಕೇಳುತ್ತದೆ. ಈ ತುದಿಯಿಂದ ಆ ತುದಿಯವರೆಗೆ ನೇರವಾಗಿರಬೇಕು.

ಬ್ಲೂ ಬಾಕ್ಸ್ ಕಣಿವೆ ದಾಟಿದ ಮೇಲೆ ಮಳೆ ಹಿಂದೆ ಉಳಿಯಿತು. ಕ್ಯಾಸ್ಕೇಡ್ ಬೆಟ್ಟಸಾಲಿನ ಈ ಕಡೆ ಬೇರೆಯೇ ನಾಡು. ಹಸಿರು ಮುಗಿದು ಒಣಹುಲ್ಲು, ಜುನಿಪರ್ ಮರ, ಕೆಂಪು ಮಣ್ಣು. ನಮ್ಮ ಗದಗದ ಕಡೆಯ ಬಯಲಿನ ನೆನಪಾಯಿತು. ವಾರ್ಮ್ ಸ್ಪ್ರಿಂಗ್ಸ್ ಮೂಲಕ ಮ್ಯಾಡ್ರಸ್ ಊರಿಗೆ ಬಂದು, ಸಂಜೆ ಕೋವ್ ಪ್ಯಾಲಿಸೇಡ್ಸ್ ಉದ್ಯಾನದಲ್ಲಿ ಬಿಡಾರ ಹೂಡಿದೆವು. ಡೆಶೂಟ್ಸ್, ಕ್ರೂಕೆಡ್, ಮೆಟೋಲಿಯಸ್ ಅನ್ನುವ ಮೂರು ನದಿಗಳು ಸೇರುವ ಕಡೆ ಅಣೆಕಟ್ಟಿನಿಂದಾದ ಕೆರೆ, ಸುತ್ತ ಕಡಿದಾದ ಕಪ್ಪು ಬಂಡೆಗೋಡೆ. ಬಿಸಿಲು ಇಳಿಯುವಾಗ ಆ ಗೋಡೆ ತಾಮ್ರದ ಬಣ್ಣಕ್ಕೆ ತಿರುಗಿತು. ಚೆನ್ನಾಗಿತ್ತು, ಆದರೆ ನನ್ನ ಮನಸ್ಸೆಲ್ಲ ಕೀಲಿನಲ್ಲಿ.

ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು, ಊರಲ್ಲಿ ಗಾರೆಯವರು ಗೋಡೆ ಕಟ್ಟುವಾಗ ಹಿಡಿಯುವ ಹಾಗೆ, ಕೀಲಿನ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಹಿಡಿದೆವು. ಟಾರ್ಚ್ ಬಿಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಕೀಲಿನ ಕೆಳಗಿನ ಮರದ ತೊಲೆ ನಡುವಿನಲ್ಲಿ 3 ಮಿಲಿಮೀಟರ್ ತಗ್ಗಾಗಿತ್ತು. ಜೋಡಿಸುವಾಗ ಅಲ್ಲಿ ಸಂದು ಕಂಡು, ನಾನು ಸ್ಕ್ರೂಗಳನ್ನು ಇನ್ನಷ್ಟು ಬಿಗಿದು ಅಲ್ಯೂಮಿನಿಯಂ ಪಟ್ಟಿಯನ್ನು ಮರಕ್ಕೆ ಒತ್ತಿಸಿದ್ದೆ. ಪಟ್ಟಿ ಬಾಗಿತು. ಬಾಗಿದ ಪಟ್ಟಿಯ ಕೊಕ್ಕೆಯಲ್ಲಿ ನೇರ ಪಟ್ಟಿ ತಿರುಗಬೇಕು ಅಂದರೆ ಉಜ್ಜುತ್ತದೆ, ಅದಕ್ಕೇ ಆ ಕಿರ್ ಸದ್ದು. ಮುಚ್ಚಳ ಎತ್ತಿ ಇಳಿಸಿದಷ್ಟೂ ಪಟ್ಟಿ ನೆಟ್ಟಗಾಗಲು ಸ್ಕ್ರೂಗಳನ್ನು ಎಳೆದಿದೆ. ಪ್ಲೈವುಡ್ಡಿನ ಅಂಚಿನಲ್ಲಿ ಕೂತಿದ್ದ ನಾಲ್ಕು ಸ್ಕ್ರೂ ಹಿಡಿತ ಬಿಟ್ಟಿದ್ದವು. ಬೆರಳಲ್ಲಿ ತಿರುಗಿಸಿದರೆ ಸುಮ್ನೆ ತಿರುಗುತ್ತಿದ್ದವು. ನೀರು ಕೀಲಿನ ಕೊಕ್ಕೆಯಿಂದ ಬಂದೇ ಇರಲಿಲ್ಲ. ಪಟ್ಟಿಯ ಅಡಿಯಲ್ಲಿ, ಆ ತೂತುಗಳಿಂದ ಇಳಿದಿತ್ತು.

ಇನ್ನೊಂದು ತೊಂದರೆಯನ್ನು ಧೂಳು ತೋರಿಸಿಕೊಟ್ಟಿತು. ಬಲಬದಿಯಲ್ಲಿ ಮುಚ್ಚಳ ಕೂರುವ ರಬ್ಬರ್ ಪಟ್ಟಿಯ ಮೇಲೆ ಸಣ್ಣ ಧೂಳಿನ ಗೆರೆ, ಎಡಬದಿಯಲ್ಲಿ ಇಲ್ಲ. ಮುಚ್ಚಳ ಇಡಿಯಾಗಿ ಎಡಕ್ಕೆ ಸರಿದಿತ್ತು. ಈ ಬಗೆಯ ಕೀಲಿನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವುದು ಏನೂ ಇರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು. ನಾನು ಮರೆತಿದ್ದೆ.

ಬೆಳಿಗ್ಗೆ ಬೆಂಡ್ ಪಟ್ಟಣಕ್ಕೆ ಹೋದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ನೀರು ತಡೆಯುವ ಬ್ಯೂಟೈಲ್ ಅಂಟುಟೇಪು, ಮರದ ಗೋಂದು, ತೆಳು ಅಲ್ಯೂಮಿನಿಯಂ ತಗಡು, ಅರ್ಧ ಇಂಚು ಉದ್ದ ಜಾಸ್ತಿ ಇರುವ ಸ್ಟೀಲ್ ಸ್ಕ್ರೂಗಳು. ಅಂಗಡಿಯ ಹಿರಿಯರೊಬ್ಬರು ಕೇಳದೆಯೇ ಏಣಿ ತಂದು ಕೊಟ್ಟರು. ಪಾರ್ಕಿಂಗ್ ಜಾಗದ ಮೂಲೆಯಲ್ಲೇ ಕೆಲಸ ಮಾಡಿ ಅಂದರು.

ಮುಚ್ಚಳವನ್ನು ಪಕ್ಕಕ್ಕೆ ಜಾರಿಸಿ ಕಳಚಿ, ಚಾವಣಿಯ ಪಟ್ಟಿ ಬಿಚ್ಚಿದೆವು. ಹಳೆಯ ಸಿಲಿಕೋನ್ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು. ಸಡಿಲಾದ ತೂತುಗಳಿಗೆ ಹಲ್ಲುಕಡ್ಡಿಗಳನ್ನು ಗೋಂದಿನಲ್ಲಿ ಅದ್ದಿ ತುಂಬಿದೆ. ಅದು ಒಣಗುವ ಹೊತ್ತಿಗೆ ಅವಳು ತಗಡನ್ನು ಕತ್ತರಿಸಿ ಪಟ್ಟಿ ಮಾಡಿದಳು. ತೊಲೆ ತಗ್ಗಾದ ನಡುವಿನಲ್ಲಿ ಹೆಚ್ಚು ಪದರ, ತುದಿಗಳ ಕಡೆಗೆ ಬಂದಂತೆ ಕಡಿಮೆ. ದಾರ ಹಿಡಿದು, ಒಂದು ಪದರ ಸೇರಿಸಿ, ಮತ್ತೆ ದಾರ ಹಿಡಿದು, ಹೀಗೆ ನೇರ ಬರುವವರೆಗೂ ಮಾಡಿದೆವು. ಮೇಲೆ ಬ್ಯೂಟೈಲ್ ಟೇಪು ಹಾಸಿ ಪಟ್ಟಿ ಕೂರಿಸಿದೆವು. ಈ ಸಲ ಸ್ಕ್ರೂಗಳನ್ನು ಒಂದು ತುದಿಯಿಂದ ಬಿಗಿಯುತ್ತಾ ಹೋಗಲಿಲ್ಲ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ, ಟೇಪು ಅಂಚಿನಲ್ಲಿ ಕಪ್ಪು ಗೆರೆಯಾಗಿ ಹಿಂಡಿ ಬರುವವರೆಗೆ ಮಾತ್ರ. ಮುಚ್ಚಳ ಮತ್ತೆ ಸಿಕ್ಕಿಸಿ, ಸರಿಯಾಗಿ ನಡುವಿಗೆ ತಂದು, ಜಾರದಂತೆ ಎರಡು ತುದಿಗೂ ಒಂದೊಂದು ಸ್ಕ್ರೂ ತಡೆ ಹಾಕಿದೆವು.

ಆಗಲೇ ಧಾರವಾಡದಿಂದ ಅಪ್ಪನ ಫೋನ್ ಬಂತು. ಅಲ್ಲಿ ರಾತ್ರಿ. ‘ಬಿಜಾಗ್ರಿಗೆ ಎಣ್ಣಿ ಬಿಟ್ಟೀಯೇನೋ?’ ಅಂದರು. ಎಣ್ಣೆ ಬಿಟ್ಟರೆ ಇಲ್ಲಿಯ ಧೂಳು ಅಂಟಿಕೊಳ್ಳುತ್ತೆ ಅಪ್ಪ ಅಂದೆ. ‘ಹಂಗಾರ ಮೇಣ ತಿಕ್ಕು’ ಅಂದರು. ಮೇಣದಬತ್ತಿ ಇತ್ತು. ಕೊಕ್ಕೆಯ ಉದ್ದಕ್ಕೂ ತಿಕ್ಕಿದೆ. ಮುಚ್ಚಳ ಎತ್ತಿದಾಗ ಸದ್ದೇ ಇಲ್ಲ.

97ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ, ಆಮೇಲೆ 138ರಲ್ಲಿ ಪಶ್ಚಿಮಕ್ಕೆ. ಕ್ರೇಟರ್ ಲೇಕ್ ರಾಷ್ಟ್ರೀಯ ಉದ್ಯಾನದ ಉತ್ತರದ ಬಾಗಿಲಿನಿಂದ ಒಳಗೆ ಹೋದರೆ ಪ್ಯೂಮಿಸ್ ಡೆಸರ್ಟ್. ಕಾಡಿನ ನಡುವೆ ಬೂದುಬಣ್ಣದ ಬೋಳು ಬಯಲು, ಎಲ್ಲವೂ ಜ್ವಾಲಾಮುಖಿ ಉಗುಳಿದ್ದು. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಪರ್ವತ ಸಿಡಿದು ತನ್ನೊಳಗೆ ತಾನೇ ಕುಸಿಯಿತು. ಆ ಗುಂಡಿಯಲ್ಲಿ ನಿಂತ ನೀರೇ ಕ್ರೇಟರ್ ಲೇಕ್. 594 ಮೀಟರ್ ಆಳ, ಅಮೆರಿಕದಲ್ಲೇ ಅತಿ ಆಳದ ಕೆರೆ. ಯಾವ ನದಿಯೂ ಒಳಗೆ ಬರುವುದಿಲ್ಲ, ಹೊರಗೆ ಹೋಗುವುದೂ ಇಲ್ಲ. ಮಳೆ ಮತ್ತು ಹಿಮದ ನೀರಷ್ಟೇ. ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಮಾತು ಹೊರಡಲಿಲ್ಲ. ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ಟಿನಲ್ಲಿ ಕಲಸುವ ಮೊದಲು, ತೊಟ್ಟು ಬಿದ್ದ ಜಾಗದಲ್ಲಿ ಒಂದು ಕ್ಷಣ ಇರುತ್ತದಲ್ವಾ, ಆ ಬಣ್ಣ.

ರಾತ್ರಿ ಮಜಾಮಾ ಕ್ಯಾಂಪ್‌ಗ್ರೌಂಡಿನಲ್ಲಿ ತಂಗಿದೆವು. 6,000 ಅಡಿ ಎತ್ತರ, ವಿಪರೀತ ಚಳಿ. ಹನ್ನೊಂದರ ಹೊತ್ತಿಗೆ ಚಾವಣಿ ಮೇಲೆ ಟಪ ಟಪ ಶುರುವಾಯಿತು. ಇಬ್ಬರೂ ಎಚ್ಚರವಾಗಿಯೇ ಮಲಗಿದ್ದೆವು, ಇಬ್ಬರೂ ಮಾತಾಡಲಿಲ್ಲ.

ಬೆಳಿಗ್ಗೆ ಮುಚ್ಚಳ ಎತ್ತಿ ಒಲೆ ಹಚ್ಚಿದೆ. ನೋಡನೋಡುತ್ತಿದ್ದಂತೆ ಮುಚ್ಚಳ ನಿಧಾನವಾಗಿ ತಲೆಯ ಮೇಲೆ ಇಳಿಯತೊಡಗಿತು. ಗಾಬರಿಯಾಗಿ ಕೀಲು ನೋಡಿದೆ, ಅದು ಸರಿಯಾಗಿಯೇ ಇತ್ತು. ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಚಳಿಗೆ ಸೋತಿದ್ದವು. ತಣ್ಣಗಾದರೆ ಒಳಗಿನ ಗ್ಯಾಸಿನ ಒತ್ತಡ ಇಳಿಯುತ್ತದೆ. ಅವಳು ತನ್ನ ಚಾರಣದ ಕೋಲನ್ನು ಬೇಕಾದಷ್ಟು ಉದ್ದ ಮಾಡಿ ಆಸರೆ ಕೊಟ್ಟಳು.

ಆಮೇಲೆ ಕೀಲಿನ ಕೆಳಗಿನ ಅಡ್ಡಪಟ್ಟಿಯ ಉದ್ದಕ್ಕೂ ಬೆರಳು ಎಳೆದೆ. ಬೆರಳಿಗೆ ಹತ್ತಿದ್ದು ಕೋವ್ ಪ್ಯಾಲಿಸೇಡ್ಸಿನ ಒಣ ಕೆಂಪು ಧೂಳು. ಅವಳಿಗೆ ತೋರಿಸಿದೆ. ಅವಳು ಬಾಣಲೆಗೆ ಸಾಸಿವೆ ಹಾಕಿದಳು.